ಯಂತ್ರಕ್ಕೆ ವರ್ಗಜ್ಞಾನ ಮೂಡುವ ಬಗೆ

ಹೊಸದುರ್ಗ ತಾಲೂಕಿನ ಹಾಲುರಾಮೇಶ್ವರದ ಕಡೆ ಬೆಳೆಯುವ ಮಗು ತೆಂಗು, ಅಡಕೆ, ಕುರಿ, ಎಮ್ಮೆಗಳನ್ನು ಕಣ್ತುಂಬ ನೋಡುತ್ತ ಬೆಳೆಯುತ್ತದೆಯೇ ಹೊರತು, ಮೊದಲಿನವೆರಡು ಸಸ್ಯವರ್ಗ, ಉಳಿದೆರಡು ಪ್ರಾಣಿವರ್ಗವೆಂದು ಅದನ್ನು ಕೂರಿಸಿಕೊಂಡು ಯಾರೂ ಪಾಠ ಹೇಳುವುದಿಲ್ಲ. ಹೇಳದೆಯೇ ಈ ವಿಭಾಗ ಮನಸ್ಸಿನಲ್ಲಿ ನೆಲೆಗೊಳ್ಳುವುದೆಂತು? ಈ ಪ್ರಶ್ನೆಗೆ ಗಣಕಯಂತ್ರದಲ್ಲಿ ಕೃತಕ ನರಜಾಲವೊಂದನ್ನು ಕಟ್ಟಿ ಉತ್ತರ ಅರಸಿದವರು ಅಮೆರಿಕದ ಮನೋವಿಜ್ಞಾನಿ ಡೇವಿಡ್ ರುಮೆಲ್‌ಹಾರ್ಟ್. 1990ರ ಸುಮಾರಿನ ಅವರ ಪ್ರಯೋಗದಲ್ಲಿದ್ದುದು ಎರಡು ಮರ, ಎರಡು ಹೂ, ಎರಡು ಹಕ್ಕಿ, ಎರಡು ಮೀನು, ಹೀಗೆ ಎಂಟೇ ವಸ್ತುಗಳು. ಜಾಲ ಕೊಟ್ಟ ಉತ್ತರ ತಪ್ಪಿದಾಗಲೆಲ್ಲ ಆ ತಪ್ಪಿನ ಪ್ರಮಾಣವನ್ನು ಹಿಂದಕ್ಕೆ ಹರಿಸಿ, ಒಳಗಿನ ಕೊಂಡಿಗಳ ಬಲವನ್ನು ತುಸುತುಸುವೇ ತಿದ್ದುವುದು, 1986ರಲ್ಲಿ ಹಿಂಟನ್ ಮತ್ತು ವಿಲಿಯಮ್ಸ್‌ರೊಡನೆ ಅವರೇ ಪ್ರಸಿದ್ಧಿಗೆ ತಂದ ಕ್ರಮ.

ಆ ಎಂಟರ ಬದಲು ನಮ್ಮ ನಾಲ್ಕನ್ನೇ ತೆಗೆದುಕೊಳ್ಳೋಣ. ‘ಬೆಳೆಯುತ್ತದೆ’ ಎಂಬ ಗುಣ ನಾಲ್ಕಕ್ಕೂ ಸಮಾನ. ‘ಬೇರುಂಟು’ ತೆಂಗು ಅಡಕೆಗಳಿಗೆ, ‘ನಡೆದಾಡುತ್ತದೆ’ ಕುರಿ ಎಮ್ಮೆಗಳಿಗೆ. ಇದಲ್ಲದೆ ತೆಂಗಿಗೆ ಎಳನೀರು, ಅಡಕೆಗೆ ತಾಂಬೂಲ, ಕುರಿಗೆ ಉಣ್ಣೆ, ಎಮ್ಮೆಗೆ ಕೆಸರಿನ ಹೊರಳಾಟ, ಹೀಗೆ ಒಂದೊಂದಕ್ಕೆ ಒಂದೊಂದು ಸ್ವಂತ ಗುಣ. ಆಗ ಯಾವ ವಸ್ತುವಾದರೂ ತನ್ನೊಡನೆ 3, ಸ್ವವರ್ಗದ ಸಂಗಾತಿಯೊಡನೆ 2, ಪರವರ್ಗದ ಪ್ರತಿಯೊಂದರೊಡನೆ 1 ಗುಣವನ್ನು ಹಂಚಿಕೊಂಡಿರುತ್ತದೆ. ಇವನ್ನು ಕೂಡಿದರೆ (3+2+1+1) ಸರ್ವಸಾಮಾನ್ಯ ಅಂಶಕ್ಕೆ ದೊರೆವ ಬಲ 7. ಪರವರ್ಗದವನ್ನು ಕಳೆದರೆ (3+2−1−1) ಸಸ್ಯ-ಪ್ರಾಣಿ ಭೇದಕ್ಕೆ 3. ಕುರಿಯನ್ನು ಎಮ್ಮೆಯಿಂದ ಬೇರ್ಪಡಿಸುವ ಸೂಕ್ಷ್ಮಭೇದಕ್ಕೆ (3−2) ಕೇವಲ 1. ಬಲವುಳ್ಳ ಭೇದ ಬೇಗ ಕಲಿಕೆಗೆ ಬರುತ್ತದೆ, ಬಲಹೀನವಾದುದು ತಡವಾಗಿ ಬರುತ್ತದೆ ಎಂಬುದನ್ನು ಸ್ಯಾಕ್ಸ್, ಮೆಕ್‌ಕ್ಲೆಲಂಡ್ ಮತ್ತು ಸೂರ್ಯ ಗಂಗೂಲಿಯವರು 2019ರಲ್ಲಿ ಗಣಿತಮುಖೇನ ತೋರಿಸಿದರು. ಸ್ಥೂಲವಾದುದು ಮೊದಲು, ಸೂಕ್ಷ್ಮವಾದುದು ಆಮೇಲೆ ಎಂಬ ಈ ಕ್ರಮವನ್ನು ಜಾಲದೊಳಗೆ ಯಾರೂ ಬರೆದಿಟ್ಟಿರುವುದಿಲ್ಲ. ಅದು ವಸ್ತುಗಳು ಗುಣಗಳನ್ನು ಹಂಚಿಕೊಂಡಿರುವ ರೀತಿಯಲ್ಲಿಯೇ ಅಡಗಿದೆ. ನನ್ನ ಪಾಲಿಗೆ ಈ ಶೋಧದ ಚೆಲುವೆಲ್ಲ ಇರುವುದು ಇಲ್ಲಿಯೇ.

ಸಸ್ಯ-ಪ್ರಾಣಿ ಭೇದವನ್ನು ಕಲಿಯುವ ಎರಡನೆಯ ಘಟ್ಟ ಮುಗಿದು, ಸೂಕ್ಷ್ಮಭೇದವನ್ನು ಕಲಿಯುವ ಮೂರನೆಯದು ಮೊದಲಾಗದ ಹೊತ್ತಿನಲ್ಲಿ ಉಣ್ಣೆಯ ವಿಷಯ ಕೇಳಿದರೆ, ಜಾಲವು ತೆಂಗು ಅಡಕೆಗಳಿಗೆ ಸೊನ್ನೆಯನ್ನೂ, ಕುರಿಗೆ ಅರ್ಧವನ್ನೂ, ಎಮ್ಮೆಗೂ ಅರ್ಧವನ್ನೂ ಕೊಡುತ್ತದೆ! ತಪ್ಪೇನೋ ಹೌದು, ಆದರೆ ಪ್ರಾಣಿ ಯಾವುದು, ಸಸ್ಯ ಯಾವುದು ಎಂಬುದನ್ನು ಅರಿತ ಬುದ್ಧಿಗಲ್ಲದೆ ಬೇರಾವುದಕ್ಕೂ ಬಾರದಂಥ ತಪ್ಪು. ಎರೆಹುಳುವಿಗೂ ಮೂಳೆಯುಂಟೆನ್ನುವ ಎಳೆಯ ಮಕ್ಕಳ ಮಾತೂ ಈ ಜಾತಿಯದೇ. ಕೇಳಿದ್ದಕ್ಕೂ ಕೊಡುವ ಉತ್ತರಕ್ಕೂ ನಡುವೆ ಗುಪ್ತಪದರವೊಂದಿರುವ ಜಾಲದಲ್ಲಿ ಕಲಿಕೆ ಬಹಳ ಹೊತ್ತು ನಿಂತಂತಿದ್ದು ಥಟ್ಟನೆ ಮೇಲೇರುತ್ತದೆ; ಆ ಪದರವನ್ನು ತೆಗೆದುಬಿಟ್ಟರೆ ಕಲಿಕೆ ನಡೆದೀತು, ಈ ಘಟ್ಟಗಳು ಕಾಣಿಸವು.

ಮರೆವಿನ ದಾರಿ ಕಲಿಕೆಯ ದಾರಿಗೆ ವಿಲೋಮವಾದುದು. ಮಿದುಳಿನ ಕಪೋಲಭಾಗದ ಮುಂತುದಿ ಕ್ರಮೇಣ ಕ್ಷಯಿಸುವ ‘ಸೆಮ್ಯಾಂಟಿಕ್ ಡಿಮೆನ್ಶಿಯ’ ಎಂಬ ವ್ಯಾಧಿಯಲ್ಲಿ ರೋಗಿಗೆ ಮೊದಲು ನಷ್ಟವಾಗುವುದು ಸೂಕ್ಷ್ಮಭೇದಗಳು. ಕುರಿಯ ಚಿತ್ರ ಕಂಡು ಅದರ ಹೆಸರು ಹೇಳಲಾರದವರೂ ಅದು ಪ್ರಾಣಿಯೆಂಬುದನ್ನು ಬಹುಕಾಲ ಬಲ್ಲವರಾಗಿರುತ್ತಾರೆ. ರಾಜರ್ಸ್ ಮತ್ತು ಮೆಕ್‌ಕ್ಲೆಲಂಡರು 2004ರ ತಮ್ಮ ಗ್ರಂಥದಲ್ಲಿ, ಚೆನ್ನಾಗಿ ಕಲಿತು ನಿಂತ ಜಾಲದ ಕೊಂಡಿಗಳನ್ನು ಬೇಕೆಂದೇ ಕೆಡಿಸುತ್ತ ಹೋದಾಗ, ಅದರ ಜ್ಞಾನವೂ ಇದೇ ಅನುಕ್ರಮದಲ್ಲಿ ಕಳಚಿತೆಂಬುದನ್ನು ತೋರಿಸಿದ್ದಾರೆ.