ಮಾರುವವರ ಮಾತಿಗೂ ಬೆಲೆ ಬೇಡವೇ?

ಕಾರವಾರ ಮತ್ತು ಅಂಕೋಲಾ ನಡುವೆ, ಒಂದು ಬದಿಗೆ ಕಡಲು ಮತ್ತೊಂದು ಬದಿಗೆ ಗುಡ್ಡ ಇರುವ ಊರು ಹಾರವಾಡ. ಕೊಂಕಣ ರೈಲ್ವೆಯ ಸಣ್ಣ ನಿಲ್ದಾಣವೊಂದರಿಂದಾಗಿ ಮಾತ್ರ ಹೊರಗಿನವರ ಕಿವಿಗೆ ಬಿದ್ದಿರಬಹುದಾದ ಇಂತಹ ಊರುಗಳಲ್ಲೂ ಇಂದು ಚಿಲ್ಲರೆಯ ತಂಟೆ ಬಹುಮಟ್ಟಿಗೆ ಮುಗಿದಿದೆ. ಗೂಡಂಗಡಿಯ ಗಾಜಿನ ಮೇಲೆ, ಮೀನು ಮಾರುವವರ ಬುಟ್ಟಿಯ ಪಕ್ಕದಲ್ಲಿ, ಕಾರವಾರದ ಭಾನುವಾರದ ಸಂತೆಯಲ್ಲಿ ಕ್ಯೂಆರ್ ಕೋಡ್ ಕಾಣಿಸುತ್ತದೆ. 2016ರ ಏಪ್ರಿಲ್‌ನಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯಲ್ಲಿ 2025ರ ಆಗಸ್ಟ್ ತಿಂಗಳೊಂದರಲ್ಲೇ 2,000 ಕೋಟಿಗೂ ಹೆಚ್ಚು ವಹಿವಾಟುಗಳು ನಡೆದವು. ಜಗತ್ತಿನಲ್ಲಿ ಇದಕ್ಕೆ ಸಾಟಿಯಾದ ಉದಾಹರಣೆ ಸಿಗುವುದು ಕಷ್ಟ.

ಈ ಸಾಧನೆಯ ಬಗ್ಗೆ ಹೆಮ್ಮೆ ಪಡುವುದರಲ್ಲಿ ತಪ್ಪಿಲ್ಲ. ಆದರೆ ಹಣ ಸುಗಮವಾಗಿ ಹರಿಯುವಾಗ ಯಾರೂ ಕೇಳದ ಪ್ರಶ್ನೆಯೊಂದು, ಹಣ ಎಲ್ಲೋ ಸಿಕ್ಕಿಕೊಂಡಾಗ ಎದುರಾಗುತ್ತದೆ. ಕೊಟ್ಟೆನೆಂದು ಕೊಂಡವರು, ಬರಲಿಲ್ಲವೆಂದು ಮಾರಿದವರು ಹೇಳಿದರೆ ಯಾರ ಮಾತನ್ನು ನಂಬಬೇಕು? ಸಾಮಾನು ಬರಲೇ ಇಲ್ಲವೆಂದು ಕೊಂಡವರು, ತಲುಪಿದೆಯೆಂದು ಮಾರಿದವರು ವಾದಿಸಿದರೆ ನಷ್ಟ ಯಾರ ಪಾಲಿಗೆ? ನಮ್ಮ ಪಾವತಿ ವ್ಯವಸ್ಥೆ ಈ ಪ್ರಶ್ನೆಗಳಿಗೆ ಕೊಟ್ಟಿರುವ ಉತ್ತರ ಬಹುಮಟ್ಟಿಗೆ ಒಂದೇ: ಸಂಶಯದ ಲಾಭ ಹಣ ಕೊಡುವವರಿಗೆ. ಪ್ರಾಮಾಣಿಕ ಗ್ರಾಹಕರಿಗೆ ಇದು ರಕ್ಷೆ. ಅಪ್ರಾಮಾಣಿಕರಿಗೆ ಇದೇ ಅಸ್ತ್ರ.

ನೆಟ್‌ವರ್ಕ್ ಇಲ್ಲದ ಹೊತ್ತು

ಮೊದಲಿಗೆ ತೀರ ಸಾಮಾನ್ಯವಾದ ಸಂದರ್ಭವನ್ನು ನೋಡೋಣ. ಕರಾವಳಿಯ ಮಳೆಗಾಲದಲ್ಲಿ ಕರೆಂಟೂ ಮೊಬೈಲ್ ಸಂಪರ್ಕವೂ ಕೈಕೊಡುವುದು ಹೊಸತಲ್ಲ. ಅಂಗಡಿಯಲ್ಲಿ ಆರುನೂರು ರೂಪಾಯಿಯ ಸಾಮಾನು ಕೊಂಡವರು ಮೊಬೈಲ್ ತೋರಿಸಿ ‘ನನ್ನ ಖಾತೆಯಿಂದ ಹೋಗಿದೆ ನೋಡಿ’ ಎನ್ನುತ್ತಾರೆ. ಅಂಗಡಿಯವರ ಮೊಬೈಲಿಗೆ ಸಂದೇಶ ಬಂದಿರುವುದಿಲ್ಲ. ಹಿಂದೆ ಸರದಿ ಬೆಳೆಯುತ್ತಿರುತ್ತದೆ. ಪರಿಚಿತ ಮುಖವೆಂದು, ಇಲ್ಲವೇ ಜಗಳ ಬೇಡವೆಂದು ಅಂಗಡಿಯವರು ಸಾಮಾನು ಕೊಟ್ಟು ಕಳುಹಿಸುತ್ತಾರೆ.

ಮುಂದೇನಾಗುತ್ತದೆ? ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಖಾತೆಯಿಂದ ಹಣ ಕಡಿತವಾಗಿಯೂ ವ್ಯಾಪಾರಿಗೆ ಖಚಿತ ಸಂದೇಶ ತಲುಪದಿದ್ದರೆ, ವಹಿವಾಟಿನ ದಿನದಿಂದ ಐದು ದಿನಗಳೊಳಗೆ ಆ ಹಣ ತಾನಾಗಿ ಕೊಟ್ಟವರ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವನ್ನೂ ಕೊಡಬೇಕು. ನಿಯಮ ನ್ಯಾಯವಾಗಿಯೇ ಇದೆ. ಆದರೆ ಹಣ ಮರಳುವ ಹೊತ್ತಿಗೆ ಸಾಮಾನು ಕೊಂಡವರ ಮನೆಯಲ್ಲಿ ಬೆಂದು, ಉಂಡು ಮುಗಿದಿರುತ್ತದೆ. ಹಣ ವಾಪಸು ಬಂದಿದೆಯೆಂದು ಅಂಗಡಿಗೆ ಬಂದು ಹೇಳುವುದು ಕೊಂಡವರ ಮನಸ್ಸಾಕ್ಷಿಗೆ ಬಿಟ್ಟ ವಿಚಾರ. ಇಲ್ಲಿ ಮೋಸ ಮಾಡಲು ಯಾವ ಕೌಶಲವೂ ಬೇಡ, ಸುಮ್ಮನಿದ್ದರೆ ಸಾಕು. ನಕಲಿ ಪಾವತಿ ಪರದೆ ತೋರಿಸುವ ಆ್ಯಪ್‌ಗಳು ಬಂದ ಮೇಲಂತೂ ಕಣ್ಣಿನಿಂದ ಕಂಡದ್ದನ್ನೂ ನಂಬುವಂತಿಲ್ಲ. ಅಂಗಡಿಯಲ್ಲಿ ಮೊತ್ತವನ್ನು ಕೂಗಿ ಹೇಳುವ ಧ್ವನಿಪೆಟ್ಟಿಗೆ ಇಷ್ಟು ಬೇಗ ಎಲ್ಲೆಡೆ ಹರಡಿದ್ದಕ್ಕೆ ಈ ಅಪನಂಬಿಕೆಯೂ ಒಂದು ಕಾರಣ.

ಪಾರ್ಸೆಲ್ ಕಳುಹಿಸುವವರ ಪಾಡು ಇದಕ್ಕಿಂತ ಕಠಿಣ. ಅಂಕೋಲಾದ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ದೂರದ ಊರುಗಳಿಂದ ಅದನ್ನು ಕೇಳುವವರು ಹೆಚ್ಚಿದರೆ ಬೆಳೆಗಾರರಿಗೆ ಒಳ್ಳೆಯದೇ. ಮುರುಗಲು, ಒಣಮೀನು, ಹಪ್ಪಳ, ಉಪ್ಪಿನಕಾಯಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಹಾರವಾಡದ ಮಹಿಳೆಯೊಬ್ಬರು ಎರಡು ಡಜನ್ ಹಣ್ಣನ್ನು ಬೆಂಗಳೂರಿಗೆ ಕಳುಹಿಸಿದರೆಂದು ಭಾವಿಸೋಣ. ಕೊಂಡವರು ಎರಡು ಕೊಳೆತ ಹಣ್ಣಿನ ಚಿತ್ರ ಕಳುಹಿಸಿ ಪೂರ್ತಿ ಹಣ ವಾಪಸು ಕೇಳುತ್ತಾರೆ. ಆ ಹಣ್ಣು ಇವರು ಕಳುಹಿಸಿದ್ದೇ ಎಂದು ತೋರಿಸಲು ದಾರಿಯಿಲ್ಲ, ಉಳಿದ ಇಪ್ಪತ್ತೆರಡು ಹಣ್ಣು ಮರಳಿ ಬರುವುದೂ ಇಲ್ಲ. ಬಂದರೂ ಮಾರುವ ಸ್ಥಿತಿಯಲ್ಲಿರುವುದಿಲ್ಲ.

2020ರ ಜುಲೈನಲ್ಲಿ ಜಾರಿಗೆ ಬಂದ ಇ–ಕಾಮರ್ಸ್ ನಿಯಮಗಳು ದೋಷಪೂರಿತ, ನಕಲಿ ಅಥವಾ ವಿವರಣೆಗೆ ತಕ್ಕಂತಿಲ್ಲದ ಸರಕನ್ನು ವಾಪಸು ಪಡೆಯಲು, ಹಣ ಮರಳಿಸಲು ಮಾರಾಟಗಾರರು ನಿರಾಕರಿಸಬಾರದೆಂದು ವಿಧಿಸಿವೆ. ತಡವಾಗಿ ತಲುಪಿದ ಸರಕಿಗೂ ಇದು ಅನ್ವಯ. ಪ್ರಕೃತಿ ವಿಕೋಪದಂತಹ, ಕೈಮೀರಿದ ಕಾರಣದಿಂದ ತಡವಾದರೆ ಮಾತ್ರ ವಿನಾಯಿತಿ ಇದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಸಂಚಾರ ಹಲವು ದಿನ ನಿಂತದ್ದನ್ನೂ, ಆಗಸ್ಟ್ 7ರಂದು ಕಾಳಿ ನದಿಯ ಹಳೆಯ ಸೇತುವೆ ಕುಸಿದದ್ದನ್ನೂ ಕಂಡ ಈ ತಾಲ್ಲೂಕುಗಳಿಗೆ ಆ ವಿನಾಯಿತಿಯ ಅರ್ಥವನ್ನು ಯಾರೂ ವಿವರಿಸಬೇಕಿಲ್ಲ. ಆದರೆ ಕಾರಣವನ್ನು ಯಾರಿಗೆ, ಯಾವ ಭಾಷೆಯಲ್ಲಿ, ಎಷ್ಟು ದಿನದೊಳಗೆ ಹೇಳಿಕೊಳ್ಳಬೇಕು ಎಂಬಲ್ಲಿ ಸಣ್ಣ ಮಾರಾಟಗಾರರು ಸೋಲುತ್ತಾರೆ.

ಕಾನೂನು ಹಿಂದೆ ಹೀಗಿರಲಿಲ್ಲ

ಮಾರುವವರನ್ನು ಹೀಗೆ ಕೈಬಿಡುವುದು ನಮ್ಮ ಕಾನೂನಿನ ಪರಂಪರೆಯೇನೂ ಅಲ್ಲ. 1930ರ ಸರಕು ಮಾರಾಟ ಕಾಯ್ದೆ, ಬೆಲೆ ಸಲ್ಲದ ಮಾರಾಟಗಾರನಿಗಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಸರಕು ತನ್ನ ವಶದಲ್ಲಿದ್ದರೆ ಹಣ ಬರುವ ತನಕ ಅದನ್ನು ಇಟ್ಟುಕೊಳ್ಳುವ ಹಕ್ಕು, ಕೊಂಡವನು ದಿವಾಳಿಯಾದರೆ ಸಾಗಣೆಯಲ್ಲಿರುವ ಸರಕನ್ನು ಮಾರ್ಗಮಧ್ಯೆ ತಡೆಯುವ ಹಕ್ಕು, ಬೆಲೆಗಾಗಿ ದಾವೆ ಹೂಡುವ ಹಕ್ಕು ಅದರಲ್ಲಿವೆ. ಕೊಟ್ಟ ಹುಂಡಿ ಅಥವಾ ಚೆಕ್ ನಿರಾಕೃತವಾದರೆ ಬೆಲೆ ಸಂದಿಲ್ಲವೆಂದೇ ಪರಿಗಣಿಸಬೇಕು ಎಂದೂ ಆ ಕಾಯ್ದೆ ಹೇಳುತ್ತದೆ.

ಚೆಕ್‌ನ ವಿಷಯವನ್ನೇ ಮುಂದುವರಿಸಿದರೆ, ಅದರ ಮೇಲಿನ ನಂಬಿಕೆ ಕುಸಿಯುತ್ತಿದ್ದ ಕಾಲದಲ್ಲಿ ಸಂಸತ್ತು 1988ರಲ್ಲಿ ತಿದ್ದುಪಡಿ ತಂದು 138ನೇ ಸೆಕ್ಷನ್ ಸೇರಿಸಿತು. ಖಾತೆಯಲ್ಲಿ ಹಣವಿಲ್ಲದೆ ಚೆಕ್ ಅಮಾನ್ಯವಾಗುವುದು ಶಿಕ್ಷಾರ್ಹ ಅಪರಾಧವಾಯಿತು. ಇಂದು ಅದಕ್ಕೆ ಎರಡು ವರ್ಷದವರೆಗಿನ ಸೆರೆವಾಸ ಅಥವಾ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ ವಿಧಿಸಬಹುದು. ಆ ತಿದ್ದುಪಡಿಯ ಹಿಂದಿದ್ದ ವಿವೇಕ ಸರಳವಾದುದು: ಪಡೆಯುವವರಿಗೆ ಭರವಸೆ ಇಲ್ಲದ ಪಾವತಿ ಸಾಧನ ಚಲಾವಣೆಯಲ್ಲಿ ಉಳಿಯುವುದಿಲ್ಲ. ಕಾಗದದ ಚೆಕ್‌ಗೆ ತೋರಿದ ಈ ಕಾಳಜಿಯನ್ನು ಕ್ಯೂಆರ್ ಕೋಡಿಗೆ ನಾವು ಇನ್ನೂ ತೋರಿಲ್ಲ. ಆರುನೂರು ರೂಪಾಯಿಗಾಗಿ ಅಂಕೋಲಾ ನ್ಯಾಯಾಲಯದಲ್ಲಿ ದಾವೆ ಹೂಡುವ ಹಕ್ಕು ಇದ್ದರೂ ವಕೀಲರ ಶುಲ್ಕ, ಕಳೆದುಕೊಳ್ಳುವ ದಿನಗೂಲಿ ಲೆಕ್ಕ ಹಾಕಿದರೆ ಅದು ಹೆಸರಿಗಷ್ಟೇ ಇರುವ ಹಕ್ಕು.

ಹಾಗಾದರೆ ಈಗಿನ ಒಲವು ಎಲ್ಲಿಂದ ಬಂತು? ಅದರ ಒಂದು ಬೇರು ಕ್ರೆಡಿಟ್ ಕಾರ್ಡಿನ ಲೋಕದಲ್ಲಿದೆ. 1974ರಲ್ಲಿ ಅಮೆರಿಕ ಮಾಡಿದ ಕಾನೂನೊಂದು, ಬಿಲ್ಲಿನಲ್ಲಿನ ತಪ್ಪನ್ನು ಪ್ರಶ್ನಿಸುವ ಹಕ್ಕನ್ನು ಕಾರ್ಡುದಾರರಿಗೆ ಕೊಟ್ಟಿತು. ದೊಡ್ಡ ಕಂಪನಿಗಳ ಎದುರು ಒಂಟಿ ಗ್ರಾಹಕ ದುರ್ಬಲನೆಂಬ ತಿಳಿವಳಿಕೆ ಅದರ ಹಿಂದಿತ್ತು. ಮುಂದೆ ಇದೇ ತತ್ವ ‘ಚಾರ್ಜ್‌ಬ್ಯಾಕ್’ ಎಂಬ ಹೆಸರಿನಲ್ಲಿ ಜಗತ್ತಿನ ಕಾರ್ಡ್ ಜಾಲಗಳಲ್ಲಿ ಬೆಳೆಯಿತು. ಸರಕು ಪಡೆದು, ಬಳಸಿ, ಬಳಿಕ ಸಿಗಲಿಲ್ಲವೆಂದು ಹಣ ಹಿಂದೆಗೆಯುವವರ ಚಾಳಿಗೆ ವ್ಯಾಪಾರಿಗಳು ‘ಫ್ರೆಂಡ್ಲಿ ಫ್ರಾಡ್’ ಎಂಬ ವ್ಯಂಗ್ಯದ ಹೆಸರಿಟ್ಟರು. ಕೊನೆಗೆ ವೀಸಾ ಸಂಸ್ಥೆ 2023ರ ಏಪ್ರಿಲ್‌ನಿಂದ ನಿಯಮ ಬದಲಿಸಿತು. ಕಾರ್ಡನ್ನು ತಾನು ಬಳಸಲೇ ಇಲ್ಲವೆಂದು ಗ್ರಾಹಕ ವಾದಿಸಿದಾಗ, ಅದೇ ಗ್ರಾಹಕ ಹಿಂದೆ ತಕರಾರಿಲ್ಲದೆ ಮಾಡಿದ ಎರಡು ಖರೀದಿಗಳ ಹೊಂದಿಕೆಯಾಗುವ ದಾಖಲೆಯನ್ನು ವ್ಯಾಪಾರಿ ಒದಗಿಸಿದರೆ ಹೊಣೆ ಅವನಿಂದ ಕಳಚಿಕೊಳ್ಳುತ್ತದೆ.

ನಮ್ಮಲ್ಲೂ ರಾಷ್ಟ್ರೀಯ ಪಾವತಿ ನಿಗಮ 2024ರ ಕೊನೆಯಲ್ಲಿ ಯುಪಿಐ ಚಾರ್ಜ್‌ಬ್ಯಾಕ್‌ಗಳಿಗೆ ಮಿತಿ ಹಾಕಿತು: ಒಬ್ಬ ಗ್ರಾಹಕನಿಂದ ತಿಂಗಳಿಗೆ ಹತ್ತು, ಒಬ್ಬನೇ ವ್ಯಕ್ತಿ ಅಥವಾ ಸಂಸ್ಥೆಯ ವಿರುದ್ಧ ಐದು. ಮಿತಿ ಮೀರಿದರೂ ದೂರು ನೈಜವೆಂದು ಕಂಡರೆ ಬ್ಯಾಂಕ್ ಅದನ್ನು ಮತ್ತೆ ಎತ್ತಬಹುದೆಂದು 2025ರ ಜುಲೈನಲ್ಲಿ ಸಡಿಲಿಕೆಯೂ ಆಯಿತು. ಪದೇ ಪದೇ ತಕರಾರು ಎತ್ತುವವರಿದ್ದಾರೆ ಎಂಬುದನ್ನು ನಿಗಮವೂ ಮನಗಂಡಂತಿದೆ. ಆದರೆ ದೂರುಗಳ ಸಂಖ್ಯೆಗೆ ಮಿತಿ ಹಾಕುವುದು ಬೇರೆ, ಎರಡೂ ಕಡೆಯ ಮಾತು ಕೇಳುವುದು ಬೇರೆ.

ಖಾತೆಗೇ ಬೀಗ

ಎಲ್ಲಕ್ಕಿಂತ ಕ್ರೂರವಾದುದು ಖಾತೆ ಸ್ಥಗಿತದ ಪೆಟ್ಟು. ಸೈಬರ್ ವಂಚನೆಗೆ ಒಳಗಾದವರು 1930 ಸಂಖ್ಯೆಗೆ ಕರೆ ಮಾಡಿದರೆ ಹಣ ಸಾಗಿದ ಜಾಡು ಹಿಡಿದು ಖಾತೆಗಳನ್ನು ತಡೆಹಿಡಿಯುವ ವ್ಯವಸ್ಥೆ 2021ರಿಂದ ಇದೆ. ಅದರಿಂದ ಅನೇಕರ ಹಣ ಉಳಿದಿದೆ ಎಂಬುದನ್ನು ಒಪ್ಪಬೇಕು. ಆದರೆ ಕದ್ದ ಹಣದಲ್ಲಿ ಯಾರೋ ಮೀನು ಕೊಂಡರೆ ಆ ಜಾಡು ಮೀನು ಮಾರಿದವರ ಖಾತೆಗೂ ಬರುತ್ತದೆ. ಹಾಗೆಯೇ, ಸರಕು ಪಡೆದವರೊಬ್ಬರು ‘ವಂಚನೆಯಾಯಿತು’ ಎಂದು ಸುಳ್ಳು ದೂರು ಕೊಟ್ಟರೂ ಪರಿಣಾಮ ಅದೇ. ತಡೆಹಿಡಿದದ್ದು ಯಾವುದೋ ಹೊರರಾಜ್ಯದ ಠಾಣೆಯಾದರೆ, ಆ ಭಾಷೆ ತಿಳಿಯದ ವ್ಯಾಪಾರಿ ತಾನು ನಿರಪರಾಧಿಯೆಂದು ಅಲ್ಲಿಗೆ ಪತ್ರ ಬರೆಯುತ್ತ ಕೂರಬೇಕು. ಅಷ್ಟು ಹೊತ್ತು ಮಗಳ ಶಾಲಾ ಶುಲ್ಕವೂ ದೋಣಿಯ ಡೀಸೆಲ್ ಹಣವೂ ಅದೇ ಖಾತೆಯಲ್ಲಿ ಸಿಕ್ಕಿಬಿದ್ದಿರುತ್ತವೆ. ಕೇರಳ ಹೈಕೋರ್ಟ್ 2023ರಲ್ಲಿ ಇಂತಹ ಪ್ರಕರಣಗಳಲ್ಲಿ, ಇಡೀ ಖಾತೆಯ ಬದಲು ವಿವಾದಿತ ಮೊತ್ತವನ್ನು ಮಾತ್ರ ತಡೆಹಿಡಿಯುವಂತೆ ಬ್ಯಾಂಕುಗಳಿಗೆ ನಿರ್ದೇಶಿಸಿತು. ಅದು ಎಲ್ಲ ರಾಜ್ಯಗಳ ಪೊಲೀಸರಿಗೂ ಬ್ಯಾಂಕುಗಳಿಗೂ ದಾರಿದೀಪವಾಗಬೇಕಾದ ತೀರ್ಪು.

ಗ್ರಾಹಕರ ಪರ ನಿಯಮಗಳನ್ನು ಸಡಿಲಿಸಬೇಕೆಂಬುದು ಈ ಲೇಖನದ ವಾದವಲ್ಲ. ಹಣ ಪಡೆದು ಸರಕು ಕಳುಹಿಸದ ನಕಲಿ ಅಂಗಡಿಗಳು, ಕಲ್ಲು ತುಂಬಿದ ಪೆಟ್ಟಿಗೆ ಕಳುಹಿಸುವ ಖದೀಮರು ನಮ್ಮ ನಡುವೆ ಇದ್ದಾರೆ. ಅವರಿಂದ ನೊಂದವರಿಗೆ ಹಣ ಬೇಗ ಮರಳಲೇಬೇಕು. ತೊಂದರೆ ಇರುವುದು ಬಲಾಬಲದ ಲೆಕ್ಕಾಚಾರದಲ್ಲಿ. ಕಾರ್ಡಿನ ಕಾಲದಲ್ಲಿ ‘ವ್ಯಾಪಾರಿ’ ಎಂದರೆ ಹೆಚ್ಚಾಗಿ ಯಂತ್ರ, ಗುಮಾಸ್ತ, ವಕೀಲರಿದ್ದ ಮಳಿಗೆ. ಯುಪಿಐ ಬುಟ್ಟಿ ಹೊತ್ತವರನ್ನೂ ‘ವ್ಯಾಪಾರಿ’ಯಾಗಿಸಿತು, ಆದರೆ ನಿಯಮಗಳು ಅವರನ್ನು ಇನ್ನೂ ಮಳಿಗೆಯ ಒಡೆಯರಂತೆಯೇ ಕಾಣುತ್ತಿವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ಮಾರಾಟ ಮಾಡುವವರು ಗ್ರಾಹಕರಲ್ಲ. ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬ್ಯಾಂಕಿನ ಸೇವಾ ಲೋಪವನ್ನು ವಿಚಾರಿಸಬಹುದೇ ಹೊರತು ಕೊಂಡವರು, ಮಾರಿದವರಲ್ಲಿ ಯಾರು ಸತ್ಯ ನುಡಿದರೆಂದು ತೀರ್ಮಾನಿಸುವುದು ಅವರ ಕೆಲಸವಲ್ಲ. 2020ರ ಜನವರಿ 1ರಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ಪಡೆಯುವಂತಿಲ್ಲ ಎಂದಾಯಿತು. ಅದು ಸ್ವಾಗತಾರ್ಹವೇ. ಆದರೆ ಆದಾಯವಿಲ್ಲದ ವಹಿವಾಟಿನ ತಕರಾರನ್ನು ಕುಳಿತು ವಿಚಾರಿಸಲು ಯಾವ ಸಂಸ್ಥೆಗೆ ಉತ್ಸಾಹ ಇದ್ದೀತು?

ಮಾಡಬೇಕಾದದ್ದು ಅಸಾಧ್ಯವೇನಲ್ಲ. ಸಣ್ಣ ವ್ಯಾಪಾರಿಯ ಖಾತೆಯಿಂದ ಹಣ ಹಿಂದೆಗೆಯುವ ಮೊದಲು ಅವರಿಗೆ ಅವರದೇ ಭಾಷೆಯಲ್ಲಿ ತಿಳಿಸಿ, ಉತ್ತರಿಸಲು ನಿಗದಿತ ಕಾಲಾವಕಾಶ ಕೊಡಬೇಕು. ವಿಫಲ ಪಾವತಿಯ ಹಣ ಗ್ರಾಹಕರಿಗೆ ಮರಳಿದಾಗ ಆ ಸಂದೇಶ ವ್ಯಾಪಾರಿಗೂ ಹೋಗಬೇಕು. ಕೊಂಡವರ ಮೊಬೈಲಿನಲ್ಲಿ ‘ಮತ್ತೆ ಪಾವತಿಸಿ’ ಎಂಬ ಕೋರಿಕೆ ತಾನಾಗಿ ಮೂಡಬೇಕು. ತಡೆಹಿಡಿಯುವುದು ವಿವಾದಿತ ಮೊತ್ತವನ್ನು ಮಾತ್ರ ಎಂಬುದು ದೇಶಕ್ಕೆಲ್ಲ ಒಂದೇ ನಿಯಮವಾಗಬೇಕು. ಸುಳ್ಳು ತಕರಾರಿಗೆ ಬೆಲೆ ತೆರಬೇಕಾದ ಭಯವೂ ಇರಬೇಕು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಹುರುಳಿಲ್ಲದ ದೂರು ಕೊಟ್ಟವರಿಂದ 10,000 ರೂಪಾಯಿವರೆಗೆ ವೆಚ್ಚ ಕೊಡಿಸಲು ಅವಕಾಶವಿತ್ತು. ಗ್ರಾಹಕ ಹಕ್ಕಿನ ಪರವಾಗಿ ಹುಟ್ಟಿದ ಕಾಯ್ದೆಯೇ ಒಪ್ಪಿದ್ದ ಈ ತತ್ವವನ್ನು ಪಾವತಿ ತಕರಾರಿಗೂ ಅನ್ವಯಿಸಲು ಅಡ್ಡಿಯೇನು?

ನಂಬಿಕೆ ಕಳೆದುಕೊಂಡ ವ್ಯಾಪಾರಿ ಎಷ್ಟು ಬೇಗ ನಗದಿಗೆ ಮರಳುತ್ತಾನೆ ಎಂಬುದನ್ನು 2025ರ ಜುಲೈನಲ್ಲಿ ಬೆಂಗಳೂರು ಕಂಡಿತು. ಅಂದಿನ ಕಾರಣ ಬೇರೆ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ದಾಖಲೆ ಆಧರಿಸಿ ಕೊಟ್ಟ ನೋಟಿಸ್‌ಗಳಿಗೆ ಬೆದರಿದ ಸಣ್ಣ ಅಂಗಡಿಗಳವರು ‘ಯುಪಿಐ ಇಲ್ಲ, ನಗದು ಮಾತ್ರ’ ಎಂದು ಫಲಕ ತೂಗುಹಾಕಿದರು. ಹತ್ತು ವರ್ಷದ ಅಭ್ಯಾಸ ಹತ್ತು ದಿನದಲ್ಲಿ ಅಲುಗಾಡಿತು. ‘ಇಂದು ನಗದು, ನಾಳೆ ಉದ್ರಿ’ ಎಂಬ ಹಳೆಯ ಫಲಕ ನಮ್ಮ ಅಂಗಡಿಗಳಿಗೆ ಹೊಸದಲ್ಲ. ಕೊಂಡವರನ್ನು ನಂಬಲಾಗದೆ ಹುಟ್ಟಿದ ಆ ಫಲಕವನ್ನು ಅನಗತ್ಯವಾಗಿಸಿದ್ದೇ ಮೊಬೈಲ್ ಪಾವತಿಯ ನಿಜವಾದ ಸಾಧನೆ. ಅದು ಉಳಿಯಬೇಕಾದರೆ ತಕರಾರಿನ ದಿನವೂ ಮಾರಿದವರ ಮಾತನ್ನು ಕೇಳುವ ಕಿವಿಯೊಂದು ವ್ಯವಸ್ಥೆಯಲ್ಲಿರಬೇಕು. ರಿಸರ್ವ್ ಬ್ಯಾಂಕ್ ಮತ್ತು ಪಾವತಿ ನಿಗಮ ಮನಸ್ಸು ಮಾಡಿದರೆ ಇದಕ್ಕೆ ಹೊಸ ಕಾಯ್ದೆಗಾಗಿ ಕಾಯಬೇಕಾದ ಅಗತ್ಯವೂ ಹೆಚ್ಚಿನ ಮಟ್ಟಿಗೆ ಇಲ್ಲ. ಒಂದು ಸುತ್ತೋಲೆ ಸಾಕು.