ಲಾಟರಿ ಕಟ್ಟಿದ ಮ್ಯೂಸಿಯಂ, ಹುಸಿ ಹೆಸರಿನ ಪಟ್ಟಿ

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಹುಟ್ಟಿದ್ದು ಜೂಜಿನ ದುಡ್ಡಿನಿಂದ. 1753ರ ಜನವರಿಯಲ್ಲಿ ಸರ್ ಹ್ಯಾನ್ಸ್ ಸ್ಲೋನ್ ಎಂಬ ವೈದ್ಯರು ತೀರಿಕೊಂಡರು. ಅವರು ಬಿಟ್ಟುಹೋದ ಸಂಗ್ರಹದಲ್ಲಿ 71,000ಕ್ಕೂ ಹೆಚ್ಚು ವಸ್ತುಗಳಿದ್ದವು. ತನ್ನ ಇಬ್ಬರು ಹೆಣ್ಣುಮಕ್ಕಳಿಗೆ 20,000 ಪೌಂಡ್ ಕೊಟ್ಟರೆ ಅಷ್ಟೂ ದೇಶದ ಪಾಲು ಎಂದು ಉಯಿಲಿನಲ್ಲಿ ಬರೆದಿದ್ದರು. ಬೊಕ್ಕಸದಲ್ಲಿ ಅಷ್ಟು ಹಣ ಇರುವ ಹಾಗೆ ಕಾಣುವುದಿಲ್ಲ ಎಂದು ದೊರೆ ಎರಡನೇ ಜಾರ್ಜ್ ಕೈಚೆಲ್ಲಿದನಂತೆ. ಪ್ರಧಾನಿ ಹೆನ್ರಿ ಪೆಲ್ಹಮ್‌ಗೆ ಲಾಟರಿ ಎಂದರೆ ಇಷ್ಟವಿರಲಿಲ್ಲ. ಆದರೂ ಕೊನೆಗೆ ಪಾರ್ಲಿಮೆಂಟು ಹಿಡಿದದ್ದು ಅದೇ ದಾರಿಯನ್ನು.

ಲೆಕ್ಕ ಸರಳವಾಗಿತ್ತು. ತಲಾ 3 ಪೌಂಡಿನ ಒಂದು ಲಕ್ಷ ಟಿಕೆಟ್. ಬಂದ ಮೂರು ಲಕ್ಷದಲ್ಲಿ ಎರಡು ಲಕ್ಷ ಬಹುಮಾನಕ್ಕೆ, ಉಳಿದದ್ದು ಮ್ಯೂಸಿಯಂಗೆ. ಉಸ್ತುವಾರಿಗೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್, ಲಾರ್ಡ್ ಚಾನ್ಸಲರ್, ಕಾಮನ್ಸ್ ಸಭೆಯ ಸ್ಪೀಕರ್. ದೊಡ್ಡ ಕುಳಗಳು ಟಿಕೆಟ್ಟುಗಳನ್ನೆಲ್ಲ ಬಾಚಿಕೊಳ್ಳಬಾರದೆಂದು ಕಾಯ್ದೆಯಲ್ಲೇ ಒಂದು ಕಟ್ಟುಪಾಡು ಇತ್ತು: ಒಬ್ಬರಿಗೆ ಇಪ್ಪತ್ತಕ್ಕಿಂತ ಹೆಚ್ಚು ಟಿಕೆಟ್ ಇಲ್ಲ. ಈ ಕಟ್ಟುಪಾಡು ನಿಲ್ಲುವುದೂ ಬೀಳುವುದೂ ಕೊಂಡವರ ಹೆಸರು ಬರೆದುಕೊಳ್ಳುವ ಪುಸ್ತಕವನ್ನು ನಂಬಿಕೊಂಡಿತ್ತು.

ಆ ಪುಸ್ತಕ ಪೀಟರ್ ಲೆಹೂಪ್ ಎಂಬ ಅಧಿಕಾರಿಯ ಕೈಗೆ ಬಂತು. ಮಾರಾಟದ ದಿನ ಬರುವ ಮೊದಲೇ ಅವನು ತನಗೆ ಬೇಕಾದವರಿಗೆ ಟಿಕೆಟ್ ಹಂಚಿದ. ಇಲ್ಲದ ಜನರ ಹೆಸರುಗಳನ್ನು ಪಟ್ಟಿಯಲ್ಲಿ ತುಂಬಿಸಿದ. ಸ್ಯಾಂಪ್ಸನ್ ಗಿಡಿಯನ್ ಎಂಬ ಸಾಹುಕಾರ ಒಬ್ಬನಿಗೇ 6,000ಕ್ಕೂ ಹೆಚ್ಚು ಟಿಕೆಟ್ ಸಿಕ್ಕಿದವು. ತಲೆಗೆ ಇಪ್ಪತ್ತರಂತೆ ಹಂಚಿ ನೋಡಿದರೆ, ಅವನ ಒಬ್ಬನ ಪಾಲನ್ನು ಮುಚ್ಚಲು ಮುನ್ನೂರಕ್ಕೂ ಹೆಚ್ಚು ಹೆಸರು ಬೇಕು! ಸಾಮಾನ್ಯ ಜನ ಕೇಳಹೋದರೆ ಟಿಕೆಟ್ ಮುಗಿದಿತ್ತು. ಅದೇ ಟಿಕೆಟ್ಟು ಆಮೇಲೆ ಪೇಟೆಯಲ್ಲಿ ಹೆಚ್ಚಿನ ದರಕ್ಕೆ ಬಿಕರಿಯಾಯಿತು. ಲೆಹೂಪ್ ಇದರಲ್ಲಿ 40,000 ಪೌಂಡ್ ಮಾಡಿಕೊಂಡ ಎಂಬ ಮಾತಿದೆ. ಕಾಮನ್ಸ್ ಸಭೆ ತನಿಖೆ ನಡೆಸಿತು, ಮೊಕದ್ದಮೆ ಹೂಡಿಸಿತು. 1755ರಲ್ಲಿ ಅವನಿಗೆ ಬಿದ್ದ ದಂಡ ಬರೀ 1,000 ಪೌಂಡ್. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಸಾರ್ವಜನಿಕ ಕೆಲಸಕ್ಕೆಂದು ಎತ್ತಿದ ದುಡ್ಡಿನ ಪುಸ್ತಕದಲ್ಲಿ ಸುಳ್ಳು ಬರೆದವನು ಎಷ್ಟು ಅಗ್ಗವಾಗಿ ಪಾರಾದ!

ಆದರೂ ಮ್ಯೂಸಿಯಂಗೆ ಖರ್ಚು ಕಳೆದು 95,194 ಪೌಂಡ್ ಉಳಿಯಿತು. ಸ್ಲೋನ್ ಸಂಗ್ರಹ ಬಂತು, 10,000 ಪೌಂಡಿಗೆ ಹಾರ್ಲಿ ಮನೆತನದ ಹಸ್ತಪ್ರತಿಗಳು ಬಂದವು, ಬ್ಲೂಮ್ಸ್‌ಬರಿಯ ಮಾಂಟಗ್ಯು ಹೌಸ್ ಎಂಬ ಬಂಗಲೆ ಬಂತು. 1759ರ ಜನವರಿ 15ರಂದು ಬಾಗಿಲು ತೆರೆಯಿತು. ಮುಂದೆ ಲಯೊನೆಲ್ ಬಾರ್ನೆಟ್ ಎಂಬ ವಿದ್ವಾಂಸರು ಅಲ್ಲಿನ ಗ್ರಂಥಾಲಯದ ಕನ್ನಡ, ಬಡಗ, ಕೊಡವ ಪುಸ್ತಕಗಳ ಪಟ್ಟಿಯನ್ನು 1910ರಲ್ಲಿ ಅಚ್ಚು ಹಾಕಿಸಿದರು. ನಮ್ಮ ಹಳೆಯ ಮುದ್ರಣಗಳನ್ನು ಹುಡುಕುವವರಿಗೆ ಅದು ಇಂದಿಗೂ ಆಸರೆ. ಆ ಕಪಾಟುಗಳ ಬುಡದಲ್ಲೂ ಲಾಟರಿಯ ಹಣವಿದೆ.

ಸರ್ಕಾರಿ ಲಾಟರಿ 1826ರಲ್ಲಿ ನಿಂತಿತು. ಅಲ್ಲಿಂದ ಮುಂದೆ ನೂರಕ್ಕೂ ಹೆಚ್ಚು ವರ್ಷ ನಿಷೇಧ, ನಡುನಡುವೆ ಸಡಿಲಿಕೆ. 1956ರ ಕಾಯ್ದೆ ಸಂಘಗಳಿಗೆ ಧರ್ಮಕಾರ್ಯದ ಸಣ್ಣ ಲಾಟರಿಯನ್ನು ಬಿಟ್ಟುಕೊಟ್ಟಿತು. ಈಗ ನಡೆಯುತ್ತಿರುವುದು 2005ರ ಜೂಜು ಕಾಯ್ದೆ. ಅದು ಪೂರ್ತಿ ಜಾರಿಯಾದದ್ದು 2007ರ ಸೆಪ್ಟೆಂಬರ್ 1ರಂದು.

ಲಂಡನ್ನಿನ ಸಂಘವೊಂದು ಇಂದು ವರ್ಷವಿಡೀ ಟಿಕೆಟ್ ಮಾರಿ ಲಾಟರಿ ನಡೆಸಬೇಕೆಂದರೆ ಮೊದಲು ತನ್ನ ಬರೋ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಒಂದು ಡ್ರಾಗೆ 20,000 ಪೌಂಡಿನ ಮಿತಿ, ವರ್ಷಕ್ಕೆ ಎರಡೂವರೆ ಲಕ್ಷ. ನೂರಕ್ಕೆ ಇಪ್ಪತ್ತಾದರೂ ಸಂಘದ ಉದ್ದೇಶಕ್ಕೆ ಹೋಗಲೇಬೇಕು. ಡ್ರಾ ಆದ ಮೂರು ತಿಂಗಳೊಳಗೆ ಬಂದದ್ದೆಷ್ಟು, ಬಹುಮಾನಕ್ಕೆ ಹೋದದ್ದೆಷ್ಟು, ಖರ್ಚೆಷ್ಟು ಎಂದು ಬರೆದು, ಇಬ್ಬರು ಸದಸ್ಯರು ಸಹಿ ಹಾಕಿದ ಲೆಕ್ಕ ಒಪ್ಪಿಸಬೇಕು. ಆ ಎರಡನೆಯ ಸಹಿ ನನಗೆ ತುಂಬ ಮುಖ್ಯವಾಗಿ ಕಾಣುತ್ತದೆ. ಲೆಹೂಪ್‌ನ ಪುಸ್ತಕದ ಪಕ್ಕ ಕೂತು ಕಣ್ಣಾಡಿಸುವವರು ಯಾರೂ ಇರಲಿಲ್ಲ.

ಚಾರಿಟಿ ಕ್ಯಾಸಿನೊ ರಾತ್ರಿಗಳದು ಬೇರೆ ಹಾದಿ. ಬಾಡಿಗೆ ಹಾಲ್‌ನಲ್ಲಿ ರೂಲೆಟ್ ಚಕ್ರ, ಬ್ಲ್ಯಾಕ್‌ಜಾಕ್ ಮೇಜು, ಬಣ್ಣದ ಬಿಲ್ಲೆ. ಬಿಲ್ಲೆ ಹೆಚ್ಚು ಗೆದ್ದವರಿಗೆ ಮೊದಲೇ ಸಾರಿದ ಬಹುಮಾನ. ಎಷ್ಟು ಜನ ಬಂದರು, ಎಷ್ಟು ಹಣ ಕೂಡಿತು ಎಂಬುದರ ಮೇಲೆ ಆ ಬಹುಮಾನ ಏರಿಳಿಯಕೂಡದು. ಯಾವ ಕೆಲಸಕ್ಕೆ ಹಣ ಎಂದು ಆಡುವವರಿಗೆ ತಿಳಿಸಿರಬೇಕು. ಪೋಕರ್‌ನಂತೆ ಎಲ್ಲರಿಗೂ ಸಮಾನ ಅವಕಾಶವಿರುವ ಆಟವನ್ನು ಬೇರೊಂದು ನಿಯಮದಡಿ ಆಡಿಸಬಹುದು. ಅಲ್ಲಿ ಪ್ರವೇಶ ಶುಲ್ಕವೂ ಸೇರಿ ದಿನಕ್ಕೆ ಒಬ್ಬರಿಂದ 8 ಪೌಂಡ್, ಒಟ್ಟು ಬಹುಮಾನ 600 ಪೌಂಡ್ ದಾಟಬಾರದು. ದೀಪಾವಳಿ ಊಟದ ಜಾಗದಲ್ಲೇ ಮಾರುವ ರ‍್ಯಾಫಲ್ ಟಿಕೆಟ್‌ಗೆ ನೋಂದಣಿಯ ಗೊಡವೆಯೂ ಇಲ್ಲ. ಬಂದ ಹಣದಲ್ಲಿ ಬಹುಮಾನಕ್ಕೆ 500, ಖರ್ಚಿಗೆ 100 ಪೌಂಡ್‌ವರೆಗೆ ತೆಗೆಯಬಹುದು, ಅಷ್ಟೆ.

ಇವುಗಳ ಲೆಕ್ಕವನ್ನು ಕೌನ್ಸಿಲ್ ಕೇಳುವುದಿಲ್ಲ. ಉಳಿಯುವುದು ಖಜಾಂಚಿಯ ಪುಸ್ತಕ ಮಾತ್ರ: ಬಾಗಿಲಲ್ಲಿ ಬಂದ ನಗದು, ಹಾಲ್ ಬಾಡಿಗೆ, ಮೇಜುಗಳ ಬಾಡಿಗೆ, ಬಹುಮಾನ ಕೊಟ್ಟವರ ಹೆಸರು, ಎಣಿಸಿದ ಇಬ್ಬರ ಸಹಿ. ಚಾರಿಟಿಯಾದರೆ ಅದನ್ನು ಆರು ವರ್ಷ ಕಾದಿಡಬೇಕೆಂದು 2011ರ ಚಾರಿಟಿ ಕಾಯ್ದೆ ಹೇಳುತ್ತದೆ. ನೋಂದಾಯಿತ ಲಾಟರಿಯ ವರದಿಯನ್ನು ಕೌನ್ಸಿಲ್ ಹದಿನೆಂಟು ತಿಂಗಳು ಇಟ್ಟುಕೊಂಡರೆ ಸಾಕು. ಅವಧಿ ಮುಗಿದ ಮೇಲೆ ಕಾಗದ ಚೂರುಮಾಡುವ ಯಂತ್ರಕ್ಕೆ ಹಾಕಿದರೂ ಯಾರೂ ಕೇಳುವವರಿಲ್ಲ.

1753ರ ಮೋಸವನ್ನು ನಾವು ಇಷ್ಟು ವಿವರವಾಗಿ ಬಲ್ಲೆವು, ಏಕೆಂದರೆ ಅದು ಪಾರ್ಲಿಮೆಂಟಿನ ಕಾಗದಗಳಿಗೆ ಸೇರಿತು. ಪ್ರಾಮಾಣಿಕವಾಗಿ ನಡೆದ ಸಾವಿರಾರು ಸಂಜೆಗಳ ಲೆಕ್ಕ ಹೀಗೆ ಅಳಿಯುತ್ತಿರುವುದು ನನಗೆ ನೋವಿನ ಸಂಗತಿ. ವಲಸೆ ಬಂದ ಸಮುದಾಯಗಳು ಊರಿನ ಶಾಲೆಗೆ, ನೆರೆ ಪರಿಹಾರಕ್ಕೆ, ಇಲ್ಲಿನ ಆಸ್ಪತ್ರೆಗೆ ಹೇಗೆ ದುಡ್ಡು ಕೂಡಿಸಿದವು ಎಂಬ ಕಥೆ ಇರುವುದು ಆ ಪುಸ್ತಕಗಳಲ್ಲೇ. ಲಂಡನ್ನಿನ ಬರೋಗಳಿಗೆ ತಮ್ಮದೇ ಸ್ಥಳೀಯ ದಾಖಲೆ ಸಂಗ್ರಹಗಳಿವೆ: ಕ್ಯಾಮ್ಡನ್‌ನದು ಹೋಬರ್ನ್ ಗ್ರಂಥಾಲಯದಲ್ಲಿ, ಬ್ರೆಂಟ್‌ನದು ವಿಲ್ಸ್‌ಡನ್‌ನಲ್ಲಿ. ನಮ್ಮ ಕನ್ನಡ ಸಂಘಗಳ ಖಜಾಂಚಿಗಳು ಆರು ವರ್ಷ ತುಂಬಿದ ಪುಸ್ತಕವನ್ನು ಎಸೆಯುವ ಮುನ್ನ, ದಾನಿಗಳ ವಿಳಾಸ, ಬ್ಯಾಂಕ್ ವಿವರಗಳ ಹಾಳೆ ತೆಗೆದು, ಅಲ್ಲಿಗೆ ಒಂದು ಫೋನ್ ಮಾಡಿ ವಿಚಾರಿಸಲಿ.