ಕಡಲಡಿಯ ಪದರಗಳ ಓದು: 2004ರ ಸುಮಾತ್ರಾ ಭೂಕಂಪ

ಚೆನ್ನೈನ ಕೋಯಂಬೇಡು ಕಡಲಿನಿಂದ ಒಂಬತ್ತು-ಹತ್ತು ಕಿಲೋಮೀಟರ್ ಒಳಗಿದೆ. 2004ರ ಡಿಸೆಂಬರ್ 26ರ ಮುಂಜಾನೆ ನಗರದಲ್ಲಿ ನೆಲ ನಡುಗಿತು. ಸುಮಾರು ಎರಡೂವರೆ ಗಂಟೆಗಳ ತರುವಾಯ ಮರೀನಾ ತೀರವನ್ನು ಹೊಕ್ಕ ಸುನಾಮಿ ಕೋಯಂಬೇಡಿನ ಸಗಟು ಮಾರುಕಟ್ಟೆಯವರೆಗೆ ಬರಲಿಲ್ಲ. ಆದರೆ ತೀರದ ಮೀನುಗಾರರ ಕೇರಿಗಳು ಉಳಿಯಲಿಲ್ಲ. ಮೂರು ತಿಂಗಳ ಬಳಿಕ, 2005ರ ಮಾರ್ಚ್ 28ರಂದು, ಅದೇ ಅಂಚಿನ ದಕ್ಷಿಣ ಭಾಗದಲ್ಲಿ 8.6 ಪ್ರಮಾಣದ ಭೂಕಂಪವಾಯಿತು. ಆಗ ಎದ್ದ ಸುನಾಮಿ ಅಲ್ಪ. ಮೊದಲನೆಯದರ ಪ್ರಮಾಣ 9.1 ಎಂಬುದು ನಿಜ. ಆದರೆ ಅಷ್ಟರಿಂದಲೇ ಈ ಅಂತರವನ್ನು ವಿವರಿಸಲಾಗದು.

ಸುಮಾತ್ರಾದ ಪಶ್ಚಿಮಕ್ಕೆ ಕಡಲಡಿಯ ಫಲಕವು ಇನ್ನೊಂದು ಫಲಕದ ಕೆಳಗೆ ಸರಿಯುತ್ತದೆ. ಇದನ್ನು ಅಧೋಗಮನ ವಲಯವೆನ್ನಬಹುದು. ಕನ್ನಡದಲ್ಲಿ ಈ ಪದವಿನ್ನೂ ನೆಲೆಗೊಂಡಿಲ್ಲ. ಹಡಗಿನಿಂದ ಒತ್ತಿದ ಗಾಳಿಯನ್ನು ಸಿಡಿಸಿ, ಪದರಗಳಿಂದ ಮರಳುವ ಪ್ರತಿಧ್ವನಿಯನ್ನು ಉದ್ದನೆಯ ಗ್ರಾಹಕ ಸರಣಿಯಿಂದ ಹಿಡಿದು, ತಳದ ಸೀಳುನೋಟವನ್ನು ರಚಿಸುವುದೇ ಕಂಪನಚಿತ್ರಣ. ತಾಡೋಲೆಯಲ್ಲಿ ಕಂಟದಿಂದ ಕೊರೆದ ಅಕ್ಷರಗಳು ಮಸಿ ತೀಡುವವರೆಗೆ ಸ್ಪಷ್ಟವಾಗಿ ಕಾಣವು. ಇಲ್ಲಿ ಧ್ವನಿಯೇ ಮಸಿ.

ಹೀಗೆ ಓದಿದಾಗ, 2004ರ ಬಿರುಕಿನ ದಕ್ಷಿಣ ಭಾಗದಲ್ಲಿ, ತಳಬಂಡೆಗಿಂತ ಸುಮಾರು 500 ಮೀಟರ್ ಮೇಲೆ, ಮೆಕ್ಕಲಿನೊಳಗೆ ತಲೆಕೆಳಗಾದ ಪ್ರತಿಧ್ವನಿಯ ಪದರವೊಂದು ಕಂಡಿತು. 2005ರ ಭಾಗದಲ್ಲಿ ಅದಿರಲಿಲ್ಲ. 2010ರಲ್ಲಿ ಪ್ರಕಟವಾದ ಈ ವ್ಯತ್ಯಾಸದ ಅರ್ಥ ಚಿತ್ರದಿಂದಷ್ಟೇ ಹೊರಡಲಿಲ್ಲ. 2016ರಲ್ಲಿ 'ಜೋಯಿಡೀಸ್ ರೆಸಲ್ಯೂಷನ್' ಹಡಗು ಅಧೋಗಮನಕ್ಕೆ ಇನ್ನೂ ಒಳಗಾಗದ ತಳವನ್ನು ಕೊರೆಯಿತು. ಅಲ್ಲಿಯ ಮೆಕ್ಕಲಿನ ಬಹುಭಾಗ ಹಿಮಾಲಯದಿಂದ ತೊಳೆದು ಬಂದದ್ದು. ಆಳದಲ್ಲಿ ಉಪ್ಪು ತಗ್ಗಿದ ನೀರು ದೊರೆಯಿತು: ಶಾಖಕ್ಕೆ ಸಿಕ್ಕ ಸಿಲಿಕಾ ಖನಿಜಗಳು ತಮ್ಮೊಳಗಿನ ನೀರನ್ನು ಬಿಟ್ಟುಕೊಟ್ಟಿದ್ದವು. ಫಲಕದ ಕೆಳಗೆ ಹೋಗುವ ಮೊದಲೇ ನೀರು ಕಳೆದುಕೊಂಡ ಮೆಕ್ಕಲು ಗಟ್ಟಿಯಾಗುತ್ತದೆ. ಗಟ್ಟಿ ಮೆಕ್ಕಲು ಮೆಲ್ಲನೆ ಜಾರದೆ ಒತ್ತಡವನ್ನು ಹಿಡಿದಿಡುತ್ತದೆ. ಬಿರುಕು ಕಡಲತಳದ ಸಮೀಪದವರೆಗೂ ಹರಿಯುತ್ತದೆ, ಮೇಲಿನ ನೀರನ್ನು ಎತ್ತುತ್ತದೆ. 2017ರ ಈ ವಿವರಣೆಯನ್ನು ನಾನು ಒಪ್ಪುತ್ತೇನೆ. ಮುಂದಿನ ಭೂಕಂಪದ ದಿನವನ್ನು ಇದು ಹೇಳದು. ಯಾವ ಅಂಚು ದೊಡ್ಡ ಅಲೆಯನ್ನು ಎಬ್ಬಿಸಬಲ್ಲುದು ಎಂಬುದನ್ನು ಸೂಚಿಸಬಲ್ಲದು.

ಇರಾನ್-ಪಾಕಿಸ್ತಾನಗಳ ಮಕ್ರಾನ್ ತೀರದಲ್ಲಿಯೂ ದಪ್ಪ ಮೆಕ್ಕಲಿದೆ. 1945ರಲ್ಲಿ ಅಲ್ಲಿಂದ ಎದ್ದ ಸುನಾಮಿ ಮುಂಬಯಿಯನ್ನು ಮುಟ್ಟಿತ್ತು. ಆ ಪದರಗಳ ಓದು ನಮ್ಮ ಕರಾವಳಿಗೂ ಸಂಬಂಧಿಸಿದ್ದು.